ಬಾಗಿದ್ದಕ್ಕೆ ದಂಡ

ಬಾಯ್ಲರಿಗೆ ಬೆಂಕಿ ಹಚ್ಚುವ ದಿನ ಬೆಳಿಗ್ಗೆ ಸತ್ತೆಪ್ಪನಿಗೆ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಒಂದು ದೊಡ್ಡ ಕೆಲಸವಾಯಿತು. ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಹೋಗಿ, ಕೊನೆಗೆ ಒಂದು ಗುಂಡಿ ಜೊತೆಯಿಲ್ಲದೆ ಉಳಿಯಿತು. ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಹಾಕತೊಡಗಿದ. ಒಳಕೋಣೆಯಲ್ಲಿ ಅವನ ಅಕ್ಕ ಅಕ್ಕುತಾಯಿ ಹಸಿರು ಸೀರೆ ಉಟ್ಟು ಕೈಗನ್ನಡಿಯನ್ನು ಗೋಡೆಗೆ ಆನಿಸಿ, ಬಗ್ಗಿ ಬಗ್ಗಿ ನೋಡಿಕೊಳ್ಳುತ್ತಿದ್ದಳು. ಕನ್ನಡಿ ಚಿಕ್ಕದು, ಸೀರೆ ದೊಡ್ಡದು. ಸೆರಗು ಕಂಡರೆ ನಿರಿಗೆ ಕಾಣದು, ನಿರಿಗೆ ಕಂಡರೆ ಮುಖ ಕಾಣದು.

"ಸತ್ಯಾ, ಬಾರೋ ಇಲ್ಲಿ. ಸೆರಗ ಭಾಳ ಉದ್ದ ಆತೇನ ನೋಡು."

"ಛಲೋ ಐತಿ ಬಿಡಕ್ಕಾ."

"ಈ ಕಡೆ ಮಾರಿ ಮಾಡದ ಹೇಳ್ತಿಯಲ್ಲೋ! ಅಷ್ಟ ಮಂದ್ಯಾಗ ಎಡವಿ ಬಿದ್ದರ ಏನ ಮಾಡ್ಲಿ?"

ಹೊಸ ಧೋತರ ಉಟ್ಟು, ಬಿಳಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಹೊಸ್ತಿಲ ಮೇಲೆ ಕುಳಿತಿದ್ದ ಅವಳ ಗಂಡ ಗುರಪ್ಪ ನಕ್ಕ. "ಅಂವಗೇನ ಕೇಳ್ತಿ? ಕಂಪ್ಯೂಟರಿನ ಪಡದೇ ಮ್ಯಾಲೆ ಬಂದ್ರಷ್ಟ ಅಂವಗ ಕಾಣೂದು. ನೀ ಅದರಾಗ ಹೋಗಿ ನಿಂದ್ರು, ಆಗ ಹೇಳ್ತಾನ."

ಸತ್ತೆಪ್ಪನೂ ನಗಲು ನೋಡಿದ. ತುಟಿ ಒಂದೇ ಕಡೆಗೆ ಹೋಯಿತು.

ಗುರಪ್ಪ ಊರಿನ ಸಕ್ಕರೆ ಕಾರ್ಖಾನೆಯ ಫಾಯರ್‌ಮನ್, ಬಾಯ್ಲರಿನ ಬೆಂಕಿ ನೋಡಿಕೊಳ್ಳುವವನು. ಏಕಸಂಬಿಯ ದಾರಿಗೆ ಕಾರ್ಖಾನೆ ಎದ್ದಾಗಿನಿಂದ ಅದರ ಬೆಂಕಿಯ ಮುಂದೆ ನಿಂತವನು. ಪ್ರತಿ ವರ್ಷ ದಸರೆ ಮುಗಿದ ಮೇಲೆ, ಕಬ್ಬು ಅರೆಯುವ ಹಂಗಾಮಿಗೆ ಮುನ್ನ, ಒಂದು ಜೋಡಿಯನ್ನು ಮಣೆಯ ಮೇಲೆ ಕೂಡಿಸಿ, ಬಾಯ್ಲರನ್ನು ಪೂಜಿಸಿ, ಅವರ ಕೈಯಿಂದಲೇ ಬೆಂಕಿ ಹಚ್ಚಿಸುವುದು ರೂಢಿ. ಹಚ್ಚಿದ ಬೆಂಕಿ ಹಂಗಾಮು ಮುಗಿಯುವ ತನಕ ಆರಬಾರದು. ಆರಿದರೆ ಆ ವರ್ಷ ಕಾರ್ಖಾನೆಗೆ ಒಳ್ಳೆಯದಾಗದು ಎಂದು ಅಧ್ಯಕ್ಷರಿಂದ ಹಿಡಿದು ಗೇಟಿನ ಕಾವಲುಗಾರನ ತನಕ ಎಲ್ಲರೂ ನಂಬಿದ್ದರು. ಇಲ್ಲಿಯವರೆಗೆ ಆ ಮಣೆಯ ಮೇಲೆ ಕುಳಿತ ಜೋಡಿಗಳೆಲ್ಲ ಕಬ್ಬಿನ ತೋಟದ ದೊಡ್ಡ ಮನೆತನದವು. ಈ ವರ್ಷ, ತೊಂಬತ್ತೈದರಲ್ಲಿ, ಅಧ್ಯಕ್ಷ ಬಾಪುಸಾಹೇಬರು ಮೀಟಿಂಗಿನಲ್ಲಿ, "ಬೆಂಕಿ ಮುಂದ ಸುಟಗೊಳ್ಳಾಕ ಗುರಪ್ಪ, ಹಚ್ಚಾಕ ಇನ್ನೊಬ್ಬ, ಇದೇನ ನ್ಯಾಯಪಾ?" ಎಂದುಬಿಟ್ಟರಂತೆ. ಬಾಬಾಸಾಹೇಬರ ಫೋಟೋ, ಬುದ್ಧರ ಫೋಟೋ ತೂಗುಹಾಕಿದ ಓಣಿಯಿಂದ ಒಬ್ಬ ಹೆಣ್ಣುಮಗಳು ಆ ಮಣೆಯ ಮೇಲೆ ಕೂಡುವುದು ಇದೇ ಮೊದಲು. ಸುದ್ದಿ ಕೇಳಿದಾಗಿನಿಂದ ಅಕ್ಕುತಾಯಿಯ ಕಾಲು ನೆಲಕ್ಕೆ ಹತ್ತಿರಲಿಲ್ಲ. "ನಮ್ಮ ಬುದ್ಧರು ಬ್ಯಾಡ ಅನ್ನೂದಿಲ್ಲ. ಅನ್ನ ಕೊಡೂ ಬೆಂಕಿಗೆ ಕೈ ಮುಗದ್ರ ಯಾ ಧರ್ಮ ಕೆಡತೈತಿ?" ಎಂದು ಕೇಳದವರಿಗೂ ಹೇಳುತ್ತಿದ್ದಳು.

ಆ ಬಾಯ್ಲರಿನ ಕೊಳವೆಗಳು ಗಟ್ಟಿಯಾಗಿವೆ ಎಂದು ಕಾಗದದ ಮೇಲೆ ಗೆರೆ ಎಳೆದು, ಸಹಿ ಮಾಡಿ ಕೊಟ್ಟವನು ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡುವ ಸತ್ತೆಪ್ಪ. ಆ ಗೆರೆಯನ್ನು ತಾನೇ ನೆಟ್ಟಗೆ ಮಾಡಿದ್ದು ಎಂಬುದು ಅವನೊಬ್ಬನಿಗೆ ಗೊತ್ತಿತ್ತು.

ಕಾರ್ಖಾನೆಯ ಕಡೆಗೆ ಮೂವರೂ ನಡೆದು ಹೊರಟಾಗ ಬಿಸಿಲು ಇನ್ನೂ ಎಳೆಯದಿತ್ತು. ಅಕ್ಕ ಮುಂದೆ, ಮಾವ ಗುರಪ್ಪ ಅವಳ ಹಿಂದೆ, ಸತ್ತೆಪ್ಪ ಅವರಿಬ್ಬರ ಹಿಂದೆ. ಅಕ್ಕನ ಹಿಮ್ಮಡಿಯ ಬಿರುಕುಗಳಲ್ಲಿ ಅರಿಸಿನ ಕೂತಿತ್ತು. ಅದನ್ನೇ ನೋಡುತ್ತ ಅವನು ಬಾಯ್ಲರಿನ ಒಳಗನ್ನು ಯೋಚಿಸಿದ. ಒಲೆಯ ಗೋಡೆಗೆ ಸಾಲಾಗಿ ಒತ್ತೊತ್ತಾಗಿ ನಿಲ್ಲಿಸಿದ ಉಕ್ಕಿನ ಕೊಳವೆಗಳು. ಒಳಗೆ ಕುದಿಯುವ ನೀರು, ಹೊರಗೆ ಬಗ್ಯಾಸಿನ ಬೆಂಕಿ, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆಯ ಬೆಂಕಿ. ಹೊಳೆದಂಡೆಯ ಕಬ್ಬಿನ ಜೊತೆ ಬರುವ ಮರಳು ಆ ಬೆಂಕಿಯ ಗಾಳಿಯಲ್ಲಿ ಹಾರಿ ಹಾರಿ ಉಕ್ಕನ್ನು ಉಜ್ಜುತ್ತದೆ, ವರ್ಷದಿಂದ ವರ್ಷಕ್ಕೆ ತೆಳ್ಳಗೆ ಮಾಡುತ್ತದೆ. ತೆಳ್ಳಗಾದದ್ದು ಒಂದು ದಿನ ಒಡೆದರೆ ಬಿಸಿಹಬೆ ಬಾಗಿಲು ಹುಡುಕಿಕೊಂಡು ಹೊರಗೆ ಬರುತ್ತದೆ. ಬಾಗಿಲ ಮುಂದೆ ಗುರಪ್ಪ ಇರುತ್ತಾನೆ. ಇಷ್ಟೇ. ಇದನ್ನು ಅವನು ಹಲವು ಸಲ ಯೋಚಿಸಿದ್ದ. ಪ್ರತಿ ಸಲವೂ ಕೊನೆಯ ವಾಕ್ಯ ಬರುವ ಮೊದಲೇ ಮನಸ್ಸು ಬೇರೆ ಕಡೆ ಹೊರಳುತ್ತಿತ್ತು. ಇಂದು ಹೊರಳಲಿಲ್ಲ.

ಬೇಸಿಗೆಯಲ್ಲಿ ಚೀಫ್ ಇಂಜಿನಿಯರ್ ವಿರುಪಾಕ್ಷಪ್ಪನವರು ಉಕ್ಕಿನ ದಪ್ಪ ಅಳೆಯುವ ಅಂಗೈಯಗಲದ ಹೊಸ ಯಂತ್ರ ತರಿಸಿದ್ದರು. ಫಿಟ್ಟರ್ ಒಳಗೆ ಹೊಕ್ಕು ಒಂದೊಂದೇ ಕೊಳವೆಗೆ ಅದನ್ನು ಹಿಡಿದು ಕೂಗಿದ, ಗುರಪ್ಪ ದೀಪ ಹಿಡಿದ, ಹೊರಗೆ ಯಾರೋ ಬರೆದುಕೊಂಡರು. ಕೊನೆಗೆ ಸತ್ತೆಪ್ಪನ ಮೇಜಿಗೆ ಬಂದದ್ದು ಬರೀ ಅಂಕಿಗಳ ಸಾಲು, ಒಂದನೇ ಕೊಳವೆಯಿಂದ ಕಡೆಯ ಕೊಳವೆಯ ತನಕ. ಅವನು ಬಾಯ್ಲರಿನ ಹತ್ತಿರ ಹೋದವನೇ ಅಲ್ಲ. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಬರಬೇಕು, ಬೂದಿ ತುಳಿದ ಕಾಲು ಅಲ್ಲಿಗೆ ಬರಕೂಡದು. ಒಮ್ಮೆ ಬಾಯ್ಲರಿನ ಹೊರಗಿನ ಬೂದಿಯಂಗಳದಲ್ಲಿ ಮಾವನಿಗೆ ಬುತ್ತಿ ಕೊಟ್ಟು ಬಂದಾಗ ನೆಲದ ಮೇಲೆ ಬಿದ್ದ ತನ್ನದೇ ಹೆಜ್ಜೆಗಳನ್ನು ಎಲ್ಲರೆದುರಿಗೆ ಅವನೇ ಒರೆಸಬೇಕಾಗಿತ್ತು. ಅಂದಿನಿಂದ ಆ ಕಡೆ ಹೋಗುವುದನ್ನೇ ಬಿಟ್ಟಿದ್ದ.

"ಅಂಕಿ ಮ್ಯಾಲ ಕೆಳಗ ಭಾಳ ಕುಣಿತಾವೋ," ಎಂದಿದ್ದರು ವಿರುಪಾಕ್ಷಪ್ಪನವರು. "ಜಂಗ್ ಇದ್ದಲ್ಲಿ ಮಶಿನ್ ತಪ್ಪ ತೋರಸ್ತೈತಿ. ಖರೇ ದಪ್ಪ ಎಷ್ಟೈತಿ ಅಂತ ಒಂದ ಗೆರಿ ಹಾಕಿ ಕೊಡು. ನೀ ಶ್ಯಾಣ್ಯಾ ಅದಿ."

ಆ ಕೆಲಸ ಸಿಕ್ಕಾಗ ಸತ್ತೆಪ್ಪನಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಕೊಲ್ಹಾಪುರದ ಲೈಬ್ರರಿಯೊಂದರಿಂದ ಝೆರಾಕ್ಸ್ ಮಾಡಿಸಿ ತಂದ ಹಾಳೆಗಳನ್ನು ಅವನು ಎರಡು ವರ್ಷದಿಂದ ತಾನೇ ತಾನಾಗಿ ಓದುತ್ತಿದ್ದ. ಕೇಳಲು ಗುರುವಿರಲಿಲ್ಲ, ಹೇಳಲು ಗೆಳೆಯನಿರಲಿಲ್ಲ. ಪ್ರತಿಯೊಂದು ಅಂಕಿಗೂ ಒಂದು ದನಿ ಇದೆ, ಹತ್ತಿರದವರಿಗೆ ಜೋರಾಗಿ, ದೂರದವರಿಗೆ ಮೆಲ್ಲಗೆ ಕೇಳಿಸುತ್ತದೆ. ಆ ದನಿಯ ಆಕಾರಕ್ಕೆ ಕರ್ನೆಲ್ ಎಂದು ಹೆಸರು. ಒಂದು ಜಾಗದಲ್ಲಿ ಖರೆ ಏನಿದೆ ಎಂದು ತಿಳಿಯಬೇಕಾದರೆ ಅಲ್ಲಿ ನಿಂತು ಅಕ್ಕಪಕ್ಕದ ದನಿಗಳನ್ನೆಲ್ಲ ಕೂಡಿಸಿ ಕೇಳಬೇಕು. ಆದರೆ ಎಲ್ಲರ ಮಾತಿಗೂ ತಲೆದೂಗಿದರೆ ಗೆರೆ ಕುಡಿದವನಂತೆ ತೂರಾಡುತ್ತದೆ. ಅದಕ್ಕೆ ಗೆರೆ ಬಾಗಿದಷ್ಟೂ ಒಂದು ದಂಡ ಹಾಕುವುದು. ದಂಡ ಹೆಚ್ಚಾದರೆ ಗೆರೆ ಹೆದರಿ ನೆಟ್ಟಗೆ ನಿಲ್ಲುತ್ತದೆ, ಅಂಕಿಗಳು ಏನು ಕೂಗಿಕೊಂಡರೂ ಕೇಳುವುದಿಲ್ಲ. ದಂಡ ಕಡಿಮೆಯಾದರೆ ಪ್ರತಿ ಪಿಸುಮಾತಿಗೂ ಓಡುತ್ತದೆ. ಹಾಗಾದರೆ ದಂಡ ಎಷ್ಟಿರಬೇಕು? ಅವನ ಬದುಕಿನಲ್ಲಿ ಇಂಥದ್ದನ್ನೆಲ್ಲ ಗೊತ್ತುಮಾಡಿದವರು ಯಾವಾಗಲೂ ಬೇರೆಯವರು. ಆದರೆ ಆ ಹಾಳೆಗಳು ಹೇಳಿದ್ದು ಬೇರೆ. ಒಂದು ಅಂಕಿಯನ್ನು ಮುಚ್ಚಿಡು. ಉಳಿದವುಗಳಿಂದ ಗೆರೆ ಎಳೆ. ಮುಚ್ಚಿಟ್ಟದ್ದು ಎಷ್ಟಿದ್ದೀತು ಎಂದು ಆ ಗೆರೆಯನ್ನು ಕೇಳು. ಆಮೇಲೆ ತೆರೆದು ನೋಡು, ಎಷ್ಟು ತಪ್ಪಿತು? ಹೀಗೆ ಒಂದೊಂದನ್ನೂ ಮುಚ್ಚಿ, ಕೇಳಿ, ತೆರೆದು, ತಪ್ಪುಗಳನ್ನೆಲ್ಲ ಕೂಡಿಸು. ಯಾವ ದಂಡಕ್ಕೆ ತಪ್ಪಿನ ಮೊತ್ತ ಎಲ್ಲಕ್ಕಿಂತ ಕಡಿಮೆಯೋ ಅದೇ ಸರಿಯಾದ ದಂಡ. ನಿನ್ನ ಇಷ್ಟವೂ ಬೇಡ, ಸಾಹೇಬರ ಇಷ್ಟವೂ ಬೇಡ, ಅಂಕಿಗಳೇ ಆರಿಸಿಕೊಳ್ಳಲಿ. ಇದನ್ನು ಮೊದಲ ಸಲ ಓದಿದಾಗ ಅವನ ಕಣ್ಣು ಹನಿಗೂಡಿತ್ತು. ಯಾಕೆಂದು ಯಾರಿಗೆ ಹೇಳುವುದು? ಏಕಸಂಬಿಯ ಶಾಲೆಯಲ್ಲಿ ನಕಾಶೆ ತೆಗೆಯಲು ಹೇಳಿದಾಗ ಅವನು ದೂಧಗಂಗಾ ಹೊಳೆಯನ್ನು ತನಗೆ ಗೊತ್ತಿದ್ದ ಎಲ್ಲ ತಿರುವುಗಳೊಡನೆ ಬರೆದಿದ್ದ, ಎಮ್ಮೆ ತೊಳೆಯುವ ಮಡು, ಅವ್ವ ಕಬ್ಬು ಕಡಿಯಲು ಹೋಗುವ ತೋಟದ ಹಿಂದಿನ ಬಾಗು, ಎಲ್ಲವನ್ನೂ. ಮಾಸ್ತರರು ಹಾಳೆ ಎತ್ತಿ ಹಿಡಿದು, "ಇದು ಹೊಳಿ ಏನೋ, ಇಲ್ಲಾ ನಿಮ್ಮಪ್ಪ ಶೆರೆ ಕುಡದು ಮನಿಗಿ ಬಂದ ಹಾದಿಯೇನೋ?" ಎಂದಿದ್ದರು. ಇಡೀ ವರ್ಗ ನಕ್ಕಿತ್ತು. ಅವನು ಕೂಡ ನಕ್ಕಿದ್ದ.

"ಏ ಸತ್ತೆಪ್ಪ, ಏನಪಾ, ಅಕ್ಕನ ಜೋಡಿ ನಿನಗೂ ಒಂದ ಮಣಿ ಹಾಕ್ಯಾರೇನು?" ಗೇಟಿನಲ್ಲಿ ಯಾರೋ ಕೂಗಿದರು. ಗುರಪ್ಪನೇ ಉತ್ತರಿಸಿದ: "ಅಂವಗ ಖುರ್ಚಿ ಐತ್ರೆಪಾ, ಮಣಿ ಎಲ್ಲಿ ಹತ್ತತೈತಿ!" ನಗೆ ಎದ್ದಿತು. ನಗೆಯೊಳಗೆ ಇನ್ನೊಂದು ನಗೆ ಇತ್ತು, ಹಲ್ಲಿನ ಸಂದಿಯ ಕಬ್ಬಿನ ನಾರಿನಂತೆ. ಈ ಜನ ಇಂದು ಕಾಯುತ್ತಿದ್ದಾರೆ, ಅಕ್ಕ ಎಲ್ಲಿ ಎಡವುತ್ತಾಳೆ, ಮಂತ್ರದ ನಡುವೆ ಮಾವ ಎಲ್ಲಿ ತಪ್ಪುತ್ತಾನೆ ಎಂದು. ಇವರ ಮುಂದೆ ನಿಂತು ಬೆಂಕಿ ಹಚ್ಚಬೇಡಿ ಎಂದು ಹೇಳುವುದೆ? ಬೇರೆಯವರು ಕೂತಾಗ ಎಲ್ಲ ಸುರಳೀತ ನಡೆಯಿತು, ಇವರು ಕೂತ ವರ್ಷವೇ ನಿಂತಿತು ಎಂದು ಮೊಮ್ಮಕ್ಕಳ ಕಾಲದ ತನಕ ಹೇಳುತ್ತಾರೆ. ಮತ್ತೆ ಹೇಳುವುದಾದರೂ ಏನನ್ನು? ತಪ್ಪಿನ ಮೊತ್ತ ಎರಡು ಕಡೆ ತಗ್ಗಿತ್ತು, ಒಂದು ಸಣ್ಣ ದಂಡಕ್ಕೆ, ಇನ್ನೊಂದು ದೊಡ್ಡ ದಂಡಕ್ಕೆ. ಸಣ್ಣ ದಂಡದ ತಗ್ಗು ಕೂದಲೆಳೆಯಷ್ಟು ಹೆಚ್ಚು ಆಳ. ಅಂಕಿಗಳು ಆರಿಸಿದ್ದು ಅದನ್ನೇ. ಆ ಗೆರೆ ನಡುವೆ ನೆಟ್ಟಗಿದ್ದು ಎರಡೂ ತುದಿಗೆ ಕೆಳಗೆ ಬಾಗುತ್ತಿತ್ತು. ಕೂದಲೆಳೆಯನ್ನು ನಂಬಿ ಹಂಗಾಮನ್ನೇ ನಿಲ್ಲಿಸಿ ಎನ್ನುವುದೆ?

ಆ ಗೆರೆಯನ್ನೇ ಅವನು ಮೊದಲು ಸಾಹೇಬರ ಮುಂದೆ ಇಟ್ಟಿದ್ದ. ವಿರುಪಾಕ್ಷಪ್ಪನವರು ಕನ್ನಡಕ ಏರಿಸಿ, "ಏನೋ ಇದು, ಮೀಸಿ ಇಳಿಬಿಟ್ಟಂಗ ಐತಿ?" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಕೊಳವೆ ಬದಲಿಸುವುದೆಂದರೆ ತಿಂಗಳು ತಡ, ಅಷ್ಟರಲ್ಲಿ ರೈತರು ಕಬ್ಬನ್ನು ಬೇರೆ ಕಾರ್ಖಾನೆಗೆ ಹೊಡೆಯುತ್ತಾರೆ ಎಂಬ ಚಿಂತೆ ಅವರಿಗೆ. "ತುದಿಗೆ ಹಿಂಗ ಆಗೂದೈತೇನು?" ಎಂದು ಕೇಳಿದರು. ಆಗ ಸತ್ತೆಪ್ಪನ ಬಾಯಿಂದ ಆ ಮಾತು ಬಂತು, ಯಾರೂ ಬರಿಸಿದ್ದಲ್ಲ: "ತುದಿಯೊಳಗ ಅಂಕಿಗೆ ಒಂದ ಕಡೆ ಅಷ್ಟ ಬಾಜೂದವ್ರು ಇರ್ತಾರ್ರಿ, ಸಾಕ್ಷಿ ಕಡಿಮಿ ಬೀಳ್ತೈತ್ರಿ. ಅಲ್ಲಿ ಗೆರಿ ಮ್ಯಾಲೆ ಪೂರಾ ಭರೋಸಾ ಇಡಾಕ ಬರೂದಿಲ್ರಿ." ಸುಳ್ಳಲ್ಲ. ಪುಸ್ತಕದಲ್ಲಿದ್ದ ಮಾತೇ. "ಹಂಗಾರ ನೆಟ್ಟಗ ಮಾಡಿ ತಾ," ಎಂದರು ಸಾಹೇಬರು. ಅವನು ದಂಡ ಹೆಚ್ಚಿಸಿದ. ಗೆರೆ ನೆಟ್ಟಗಾಯಿತು. ಅವನು ಸಹಿ ಮಾಡಿದ ಮೇಲೆ ಸಾಹೇಬರು ಅವನಿಗೂ ಕಪ್ಪು-ಬಶಿಯಲ್ಲಿ ಚಹಾ ತರಿಸಿದರು. ಅಲ್ಲಿಯ ತನಕ ಅವನ ಚಹಾ ಕಿಟಕಿಯ ಕಟ್ಟೆಯ ಮೇಲಿನ ಗ್ಲಾಸಿನಲ್ಲಿ ಬರುತ್ತಿತ್ತು. ಎಷ್ಟು ರುಚಿಯಾಗಿತ್ತು ಆ ಚಹಾ! ಅದನ್ನು ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ, ಆಮೇಲೆ ಅದನ್ನು ಉಗುಳಬೇಕೆನಿಸುತ್ತದೆ.

ಬಾಯ್ಲರಿನ ಮುಂದೆ ಚಪ್ಪರ ಹಾಕಿದ್ದರು. ಝೆಂಡು ಹೂವಿನ ಮಾಲೆಗಳ ಕೆಳಗೆ ಆ ಎತ್ತರದ ಇಟ್ಟಿಗೆ ಗೋಡೆಗಳು ಮದುವೆಗೆ ಒಲ್ಲೆನೆಂದ ಮುದುಕನಂತೆ ನಿಂತಿದ್ದವು. ಬಾಪುಸಾಹೇಬರು ಖುರ್ಚಿಯಲ್ಲಿ ಕೂತು, "ಬಾರವ್ವಾ ತಂಗಿ, ಹೆದರಬ್ಯಾಡ, ಇದೂ ನಿನ್ನ ಮನಿ ಒಲಿನ," ಎಂದರು. ಅಕ್ಕುತಾಯಿ ಮಣೆಯ ಮೇಲೆ ಕೂತಳು. ಬೆನ್ನು ನೆಟ್ಟಗೆ. ಪೂಜೆ ಮಾಡಿಸುವ ಅಯ್ಯನವರು ಹೂವು ಕೊಡುವಾಗ ಬೆರಳು ತಾಗದಂತೆ ಮೇಲಿನಿಂದ ಬಿಟ್ಟರು. ಒಂದು ಹೂ ಹೊರಗೆ ಬಿತ್ತು. ಅಕ್ಕ ಅದನ್ನು ಮೆಲ್ಲಗೆ ಎತ್ತಿಕೊಂಡು ಮಡಿಲಿಗೆ ಹಾಕಿಕೊಂಡಳು, ನೋಡಲಿಲ್ಲವೆಂಬಂತೆ. ಸತ್ತೆಪ್ಪ ನೋಡಿದ. ಅವನಿಗೆ ಕೂಗಬೇಕೆನಿಸಿತು. ಯಾವುದರ ಬಗ್ಗೆ ಕೂಗಬೇಕೆಂದು ಮಾತ್ರ ತಿಳಿಯಲಿಲ್ಲ.

"ಇನ್ನ ಪ್ರದಕ್ಷಿಣಿ ಹಾಕ್ರಿ," ಎಂದರು ಅಯ್ಯನವರು. "ಜೋಡಿ ಮುಂದ, ಉಳದವ್ರು ಹಿಂದ." ಕಾಯಿಯ ತಾಟನ್ನು ಯಾರೋ ಸತ್ತೆಪ್ಪನ ಕೈಗೆ ಕೊಟ್ಟರು. ಅವನು ಅಕ್ಕ-ಮಾವಂದಿರ ಹಿಂದೆ ನಡೆದ. ಬಾಯ್ಲರನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಮೊದಲ ಸುತ್ತಿನಲ್ಲಿ ಅವನು ಅಕ್ಕನ ಹಿಮ್ಮಡಿ ಬಿಟ್ಟು ಬೇರೇನೂ ನೋಡಲಿಲ್ಲ. ಎರಡನೆಯ ಸುತ್ತಿನಲ್ಲಿ ಕಣ್ಣು ಗೋಡೆಗೆ ಹೋಯಿತು. ಅಳತೆಯ ದಿನ ಒಳಗಿನ ಕೊಳವೆಗಳ ಗುರುತಿಗೆಂದು ಹೊರಗೋಡೆಯ ಮೇಲೆ ಸುಣ್ಣದಲ್ಲಿ ಅಂಕೆ ಬರೆದಿದ್ದರು. ಮುಂದಿನ ಗೋಡೆಯ ಬಲಮೂಲೆಯಲ್ಲಿ ಒಂದು, ಅದರ ಪಕ್ಕ ಎರಡು, ಹಾಗೆಯೇ ಎಡಕ್ಕೆ. ಮುಂದಿನ ಗೋಡೆ ಮುಗಿದು ಎಡಗೋಡೆ, ಎಡಗೋಡೆ ಮುಗಿದು ಹಿಂದಿನದು, ಆಮೇಲೆ ಬಲಗೋಡೆ. ಅಂಕೆಗಳು ಏರುತ್ತಾ ಅವನ ಜೊತೆಗೇ ನಡೆದು ಬರುತ್ತಿದ್ದವು. ಬಲಗೋಡೆ ಮುಗಿಯಿತು, ಅಲ್ಲಿ ಕಡೆಯ ಕೊಳವೆ. ಅಕ್ಕ ಮೂಲೆ ತಿರುಗಿದಳು. ಅವಳ ಹಸಿರು ಸೆರಗು ಇಟ್ಟಿಗೆಗೆ ಉಜ್ಜಿತು. ಸೆರಗು ಸರಿದ ಜಾಗದಲ್ಲಿ ಮತ್ತೆ ಒಂದು ಎಂಬ ಅಂಕೆ ಕಂಡಿತು.

ಕಡೆಯದಕ್ಕೂ ಒಂದನೆಯದಕ್ಕೂ ನಡುವೆ ಒಂದು ಗೇಣು.

ಸತ್ತೆಪ್ಪ ನಿಂತುಬಿಟ್ಟ. ಹಿಂದಿನವರು ಅವನ ಬೆನ್ನಿಗೆ ಬಂದು ಹತ್ತಿದರು. ಅವನ ಕಾಗದದ ಮೇಲೆ ಈ ಎರಡು ಕೊಳವೆಗಳು ಒಂದರಿಂದ ಇನ್ನೊಂದು ಎಷ್ಟು ದೂರ ಇರಲು ಸಾಧ್ಯವೋ ಅಷ್ಟು ದೂರ ಇದ್ದವು, ಒಂದು ಎಡತುದಿ, ಒಂದು ಬಲತುದಿ. ಒಂದರ ದನಿ ಇನ್ನೊಂದಕ್ಕೆ ಕೇಳಿಸದಂತೆ ಅವನೇ ಕೂಡಿಸಿದ್ದ. ಇಲ್ಲಿ ಅವು ಮಗ್ಗುಲಲ್ಲಿ ಮಗ್ಗುಲಿಟ್ಟು ನಿಂತಿದ್ದವು. ತುದಿಯೇ ಇರಲಿಲ್ಲ. ಸಾಕ್ಷಿ ಕಡಿಮೆ ಬಿದ್ದಿರಲಿಲ್ಲ. ಅರ್ಧ ಸಾಕ್ಷಿಗಳನ್ನು ಊರ ಆಚೆ ಕೂಡಿಸಿ, ಬರಲಿಲ್ಲವಲ್ಲ ಎಂದು ಅವನೇ ಹೇಳಿದ್ದ. ಇಳಿಬಿಟ್ಟ ಮೀಸೆಯ ಎರಡು ಎಳೆಗಳಲ್ಲ ಅವು, ಒಂದೇ ತಗ್ಗಿನ ಎರಡು ದಂಡೆಗಳು. ಒಂದನೆಯದನ್ನು ಮುಚ್ಚಿಟ್ಟು ಕಡೆಯದನ್ನು ಕೇಳಿದ್ದರೆ ಅದು ಹೇಳುತ್ತಿತ್ತು, ನಾನೂ ಸವೆದಿದ್ದೇನೆ, ಅವನೂ ಸವೆದಿದ್ದಾನೆ ಎಂದು. ಆಗ ಆಯ್ಕೆ ಕೂದಲೆಳೆಯ ಮೇಲೆ ನಿಲ್ಲುತ್ತಿರಲಿಲ್ಲ. ಮರಳಿನ ಗಾಳಿ ಸುತ್ತಿ ಸುತ್ತಿ ಬಡಿಯುವುದು ಇದೇ ಮೂಲೆಗೆ. ಮತ್ತು ಈ ಮೂಲೆಯ ಎದುರಿಗೇ ಬಗ್ಯಾಸು ನೂಕುವ ಬಾಗಿಲು, ಕಬ್ಬಿಣದ ಸಲಿಕೆ, ಗುರಪ್ಪನ ನೀರಿನ ತಂಬಿಗೆ.

ಮೂರನೆಯ ಸುತ್ತು ಹೇಗೆ ಮುಗಿಯಿತೋ ಅವನಿಗೆ ಗೊತ್ತಿಲ್ಲ. ಹಲಗೆ ಬಾರಿಸುತ್ತಿದ್ದರು. ಎಣ್ಣೆಯಲ್ಲಿ ಅದ್ದಿದ ಹಿಲಾಲು ಹೊತ್ತಿಸಿ ಅಕ್ಕನ ಕೈಗೆ ಕೊಟ್ಟರು, ಗುರಪ್ಪ ಅವಳ ಕೈಗೆ ಕೈ ಹಚ್ಚಿದ. ಹೇಳಬೇಡ, ಎಂದಿತು ಒಂದು ಮನಸ್ಸು. ಬೇಸಿಗೆಯಲ್ಲಿ ಕೊಳವೆಗಳಿಗೆ ತಣ್ಣೀರು ತುಂಬಿ ಒತ್ತಡ ಹಾಕಿ ನೋಡಿದಾಗ ಒಡೆಯಲಿಲ್ಲ. ಮೊದಲ ದಿನ ಸಣ್ಣ ಬೆಂಕಿ. ನಾಳೆ ಸಾಹೇಬರ ಕಿವಿಯಲ್ಲಿ ಹೇಳಿದರಾಯಿತು. ಆದರೆ ನಾಳೆ ಆರಿಸುತ್ತಾರೆಯೆ? ಆರಬಾರದ ಬೆಂಕಿಯನ್ನು ಇವನ ಒಂದು ಮಾತಿಗೆ? ನಾಳೆ ಇವನೇ ಹೇಳುತ್ತಾನೆಯೆ? ಅವನಿಗೆ ತನ್ನ ಬಗ್ಗೆ ಗೊತ್ತಿತ್ತು. ನಾಳೆ ಮತ್ತೆ ಕಪ್ಪು-ಬಶಿಯಲ್ಲಿ ಚಹಾ ಬರುತ್ತದೆ.

"ಅಕ್ಕಾ, ತಡಿ."

ದನಿ ಅವನದೇ. ಹಲಗೆಯ ಸದ್ದು ನಿಲ್ಲಲಿಲ್ಲ; ಅಕ್ಕ ಮಾತ್ರ ತಿರುಗಿ ನೋಡಿದಳು. ಅವನು ಇನ್ನೊಮ್ಮೆ ಕೂಗಿದ. ಈಗ ಎಲ್ಲ ನಿಂತಿತು.

"ಹಚ್ಚಬ್ಯಾಡ್ರಿ. ಒಂದನೇ ಟ್ಯೂಬ್, ಕಡೀ ಟ್ಯೂಬ್... ಬಾಜೂಕ ಬಾಜೂಕ ಅದಾವ್ರಿ."

ಫಿಟ್ಟರ್ ಜೋರಾಗಿ ನಕ್ಕ. "ಇದು ಯಾರಿಗ ಗೊತ್ತಿಲ್ಲೋ ಮಾರಾಯಾ? ಕಾರ್ಖಾನಿ ಹುಟ್ಟಿದಾಗಿಂದ ಬಾಜೂಕ ಅದಾವ!" ನಗೆ ಹಿಂದಿನ ಸಾಲುಗಳ ತನಕ ಹರಿಯಿತು. ಎಲ್ಲರಿಗೂ ಗೊತ್ತಿತ್ತು. ಫಿಟ್ಟರನಿಗೆ, ಮಾವನಿಗೆ, ಸಾಹೇಬರಿಗೆ, ಕಸ ಹೊಡೆಯುವವರಿಗೆ. ಗೊತ್ತಿಲ್ಲದವನು ಗೆರೆ ಎಳೆದವನೊಬ್ಬನೇ.

"ಸತ್ತೆಪ್ಪ, ಸರಿ ಹಿಂದಕ್ಕ," ಎಂದರು ವಿರುಪಾಕ್ಷಪ್ಪನವರು, ಮೆಲುದನಿಯಲ್ಲಿ. "ಹೊತ್ತ ಮೀರಾಕತ್ತೈತಿ."

"ನನಗ ಗೊತ್ತಿರಲಿಲ್ರಿ ಸಾಹೇಬ್ರ. ನಾ ಉದ್ದಕ ಸಾಲ ಹಚ್ಚಿದೇನ್ರಿ." ಅವನು ತಾಟು ಕೆಳಗಿಟ್ಟು ಕಿಸೆಯಿಂದ ಸಮಾರಂಭದ ಆಮಂತ್ರಣ ಪತ್ರಿಕೆ ತೆಗೆದ. ಅದರ ಎರಡೂ ಅಂಚನ್ನು ಬಾಗಿಸಿ ಒಂದಕ್ಕೊಂದು ಹತ್ತಿಸಿ ಬಾಪುಸಾಹೇಬರ ಮುಂದೆ ಹಿಡಿದ. "ಹಾಳಿ ಮ್ಯಾಲೆ ಈ ತುದಿಗಿ ಸ್ವಲ್ಪ ತೆಳ್ಳಗಿತ್ರಿ, ಆ ತುದಿಗಿ ಸ್ವಲ್ಪ ತೆಳ್ಳಗಿತ್ರಿ. ತುದಿ ಅಂತ ಬಿಟ್ಟೇನ್ರಿ. ಹಿಂಗ ಮಡಚಿದ್ರ ಎರಡೂ ಒಂದ ಜಾಗಾ ಆಕ್ಕೈತ್ರಿ."

ಬಾಪುಸಾಹೇಬರು ಪತ್ರಿಕೆಯನ್ನು ಕೈಗೆ ತೆಗೆದುಕೊಂಡು, ಬಿಡಿಸಿ, ಮತ್ತೆ ಬಾಗಿಸಿದರು. "ಅಂದ್ರ ಬಾವಿ ಕಟ್ಟಿ ಒಂದ ಕಡೆ ಕುಸದೈತಿ, ನೀ ಸುತ್ತ ಅಳಕೋತ ಹೋಗಿ ಆ ಕುಸದಲ್ಲೆ ಸುರು ಮಾಡಿ ಅಲ್ಲೇ ಮುಗಿಸಿದಿ. ಹೌದಿಲ್ಲೋ?"

"ಹೌದ್ರಿ."

"ಹಂಗಾರ ಗಟ್ಟಿ ಐತಿ ಅಂತ ಬರದ ಕೊಟ್ಟಾಂವ ಯಾಂವ?"

ವಿರುಪಾಕ್ಷಪ್ಪನವರು ಅವನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು. ದೊಡ್ಡವರೂ ಹೀಗೆ ಹೆದರುತ್ತಾರೆಂದು ಸತ್ತೆಪ್ಪನಿಗೆ ಗೊತ್ತಿರಲಿಲ್ಲ.

"ನಾನ್ರೀ. ನೆಟ್ಟಗ ಮಾಡಿದಾಂವ ನಾನ. ಮದಲ ಬಾಗಿತ್ರಿ."

"ಸಣ್ಣ ಬೆಂಕಿ ಹಚ್ಚಿ ಮುಹೂರ್ತ ಸಾಧಿಸಿಕೊಳ್ಳೂಣ್ರಿ," ಎಂದರು ಅಯ್ಯನವರು. "ಉಳದದ್ದು ಆಮ್ಯಾಲ ನೋಡಿದ್ರಾತು." ಹಲವರು ಹೌದು ಹೌದೆಂದರು. ಬಾಪುಸಾಹೇಬರು ಪತ್ರಿಕೆಯನ್ನೇ ಮಡಚಿ ಬಿಡಿಸುತ್ತಿದ್ದರು. ಹಿಲಾಲಿನಿಂದ ಉರಿಯುವ ಎಣ್ಣೆ ಹನಿಹನಿಯಾಗಿ ನೆಲಕ್ಕೆ ಬೀಳುತ್ತಿತ್ತು. ಅಕ್ಕುತಾಯಿ ತಮ್ಮನ ಮುಖ ನೋಡಿದಳು. ಅವಳ ಕಣ್ಣಲ್ಲಿ ಏನಿತ್ತೆಂದು ಅವನಿಗೆ ನೋಡಲಾಗಲಿಲ್ಲ.

"ಸತ್ಯಾ. ಯಾ ಮೂಲಿನೋ?"

ಅವನು ಬೆರಳು ತೋರಿಸಿದ.

"ನಿಮ್ಮ ಮಾವ ನಿಂದ್ರೂ ಮೂಲಿ?"

ಅವನು ತಲೆಯಾಡಿಸಿದ. ಅಕ್ಕುತಾಯಿ ಗಂಡನ ಕೈಯನ್ನು ತನ್ನ ಕೈಮೇಲಿಂದ ಬಿಡಿಸಿದಳು. ಕೈಕಾಲು ತೊಳೆಯಲು ಇಟ್ಟಿದ್ದ ನೀರಿನ ಬಕೀಟಿನ ಹತ್ತಿರ ಹೋಗಿ, ಹಿಲಾಲನ್ನು ತಲೆಕೆಳಗು ಮಾಡಿ ಒಳಗೆ ಅದ್ದಿದಳು. ಚುಂಯ್ ಎಂದಿತು. ಹೊಗೆ ಅವಳ ಮುಖಕ್ಕೆ ಬಂತು, ಅವಳು ಸರಿಯಲಿಲ್ಲ. "ಇಂಥವ್ರನ್ನ ಕೂಡಸಬಾರದಾಗಿತ್ತು, ನಾ ಮದಲ ಹೇಳಿದ್ದೆ," ಎಂದಿತು ಹಿಂದಿನ ಸಾಲಿನ ಒಂದು ದನಿ, ಕೇಳಿಸಲೆಂದೇ. ಅವಳಿಗೂ ಕೇಳಿಸಿತು. ಮಡಿಲಿನಲ್ಲಿದ್ದ ಹೂವನ್ನು ಮಣೆಯ ಮೇಲೆ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪರದ ಕಂಬಕ್ಕೆ ಒರಗಿ ನಿಂತಳು.

"ಮಶಿನ್ ತರ್ರಿ," ಎಂದರು ಬಾಪುಸಾಹೇಬರು. "ಈಗಿಂದೀಗ ಅಳೀರಿ. ಸುಳ್ಳಾದ್ರ ಈ ಹುಡುಗ ನಾಳೆಯಿಂದ ಕಾರ್ಖಾನಿ ಮೆಟ್ಟಲಾ ಹತ್ತಬಾರದು."

ಫಿಟ್ಟರ್ ತಾನು ಹೋಗುವುದಿಲ್ಲವೆಂದ; ಹೊಸ ಪ್ಯಾಂಟು ಹಾಕಿಕೊಂಡಿದ್ದ. ಗುರಪ್ಪ ಹೊಸ ಧೋತರದಲ್ಲೇ ಬಾಯ್ಲರಿನ ಕಿಂಡಿಯೊಳಗೆ ತೂರಿದ. ಸತ್ತೆಪ್ಪ ಯಂತ್ರ ಹಿಡಿದು ಅವನ ಹಿಂದೆ ತೂರಿದ. ಒಳಗೆ ಹೋದ ವರ್ಷದ ಬೂದಿಯ ವಾಸನೆ. ಕತ್ತಲೆ ಎಷ್ಟು ದಟ್ಟವಾಗಿತ್ತೆಂದರೆ ಹೊರಗಿನ ಗದ್ದಲ ಬೇರೆ ಊರಿನದೆನಿಸಿತು. ದೀಪದ ಬೆಳಕಿಗೆ ಕೊಳವೆಗಳು ಸುತ್ತಲೂ ಎದ್ದು ನಿಂತವು, ಒಂದಕ್ಕೊಂದು ಅಂಟಿಕೊಂಡು, ಎಲ್ಲಿಯೂ ಮೊದಲಾಗದೆ ಎಲ್ಲಿಯೂ ಮುಗಿಯದೆ. ಗುರಪ್ಪ ಮೂಲೆಯ ಕೊಳವೆಯನ್ನು ಉಸುಕಿನ ಕಾಗದದಿಂದ ತಿಕ್ಕಿ, ಬೆರಳಿನಿಂದ ಗ್ರೀಸು ಸವರಿದ. ಸತ್ತೆಪ್ಪ ಯಂತ್ರದ ತುದಿಯನ್ನು ಉಕ್ಕಿಗೆ ಒತ್ತಿದ. ಕೆಂಪು ಅಂಕಿ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಬೆವರು ಕಣ್ಣಿಗೆ ಇಳಿಯಿತು. ತೆಳ್ಳಗಿರಲಿ, ಎಂದಿತು ಅವನ ಮನಸ್ಸು. ತೆಳ್ಳಗಿರಲಿ, ತೆಳ್ಳಗಿರಲಿ, ಕಾಗದದಷ್ಟು ತೆಳ್ಳಗಿರಲಿ. ಬುದ್ಧರಿಗೆ, ಬಾಯ್ಲರಿಗೆ, ಅಯ್ಯನವರ ದೇವರಿಗೆ, ಯಾರಿಗೆ ಬೇಡಿಕೊಳ್ಳುತ್ತಿದ್ದೇನೆಂದು ತಿಳಿಯದೆ ಬೇಡಿಕೊಂಡ. ಗಟ್ಟಿಯಾಗಿದ್ದರೆ ಅಕ್ಕ ಎಲ್ಲರ ಮುಂದೆ ಹಿಲಾಲನ್ನು ಸುಮ್ಮನೆ ನೀರಿಗೆ ಅದ್ದಿದ ಹಾಗೆ. ಗಟ್ಟಿಯಾಗಿದ್ದರೆ ಅವನು ಹುಚ್ಚ.

ಅಂಕಿ ನಿಂತಿತು. ಎರಡು ಮಿಲಿಮೀಟರೂ ಇರಲಿಲ್ಲ. ಇರಬೇಕಾದದ್ದರ ಅರ್ಧಕ್ಕಿಂತ ಕಡಿಮೆ.

ಅವನ ಎದೆಯಿಂದ ಒಂದು ಉಸಿರು ತಾನಾಗಿ ಹೊರಬಿತ್ತು. ಉಕ್ಕಿನ ಗೋಡೆಗಳ ನಡುವೆ ಅದು ನಗೆಯಂತೆ ಕೇಳಿಸಿತು. ಗುರಪ್ಪ ದೀಪ ಎತ್ತಿ ಅವನ ಮುಖದ ಮೇಲೆ ಬೆಳಕು ಬಿಟ್ಟ.

"ಖುಷಿ ಆತೇನೋ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳುವ ದನಿ ಮಾತ್ರ. ಸತ್ತೆಪ್ಪ ಬಾಯಿ ತೆರೆದ. ಅಲ್ಲ ಎನ್ನಬೇಕು. ಮುಖದ ಮೇಲೆ ಬೆಳಕಿತ್ತು, ಅವನು ಯಂತ್ರದ ಅಂಕಿಯನ್ನು ಮಾವನ ಕಡೆ ತಿರುಗಿಸಿ ಹಿಡಿದ.

ಗುರಪ್ಪ ದೀಪವನ್ನು ಮತ್ತೆ ಮೂಲೆಗೆ ತಿರುಗಿಸಿ, ಗ್ರೀಸು ಹತ್ತಿದ ಬೆರಳಿನಿಂದ ಆ ಎರಡು ಕೊಳವೆಗಳನ್ನು ಮುಟ್ಟಿದ, ಒಂದನೆಯದು, ಕಡೆಯದು, ಮತ್ತೆ ಒಂದನೆಯದು. "ಇದರ ಆ ಕಡೆ ಕಟ್ಟಿ ಐತಿ," ಎಂದ. "ಹ್ವಾದ ಹಂಗಾಮಿನ್ಯಾಗ ದಿನಾ ಅಲ್ಲೇ ಕುಂತು ಬುತ್ತಿ ಉಂಡೇನಿ. ಥಂಡಿ ದಿನದಾಗ ಬೆನ್ನಿಗಿ ಬೆಚ್ಚಗ ಹತ್ತತೈತಿ. ನಿಮ್ಮಕ್ಕನ್ನೂ ಒಂದಿನಾ ಅಲ್ಲೇ ಕೂಡಸ್ಕೊಂಡಿದ್ದೆ." ಹೇಳುತ್ತ ಹೇಳುತ್ತ ಅವನು ಬೂದಿಯಲ್ಲಿ ಕುಳಿತುಬಿಟ್ಟ. ದೀಪ ಅವನ ಕೈಯಲ್ಲಿ ವಾಲಿತು, ಕೊಳವೆಗಳ ನೆರಳುಗಳೆಲ್ಲ ಸುತ್ತಲೂ ಅಲುಗಾಡಿದವು. ಸತ್ತೆಪ್ಪನೂ ಕುಳಿತ. ಮಾವನ ಕೈಯನ್ನು ಹಿಡಿಯಬೇಕೆಂದುಕೊಂಡ. ಆ ಕೈಗೆ ತನ್ನ ಕೈ ತಾಗುವ ಅರ್ಹತೆ ಇದೆಯೇ ಎಂದು ಅಳುಕಿ ದೀಪವನ್ನು ಮಾತ್ರ ಹಿಡಿದ.

"ಏನಂತೋ ಸತ್ಯಾ?" ಕಿಂಡಿಯಿಂದ ಅಕ್ಕನ ದನಿ ಬಂತು. "ಏನ ಬಂತು? ಯಾಕ ಇಬ್ಬರೂ ಸುಮ್ನಾದ್ರಿ? ಏನ್ರೀ?"

"ಬರಾಕತ್ತೀವಿ, ನಿಂದ್ರು," ಎಂದು ಗುರಪ್ಪ ಕೂಗಿದ.

ಆದರೆ ಇಬ್ಬರೂ ಏಳಲಿಲ್ಲ.